ಭಾವ-ಮೈದುನರ ಭಾನುವಾರದ ಲೈವ್

ನನ್ನ ಗಂಡ ನನ್ನ ತಮ್ಮನಿಗೆ ಹೊಡೆದ ಮೊದಲ ಏಟಿಗೆ ಯಾವ ತಾಲೀಮೂ ಇರಲಿಲ್ಲ. ಅದು ಅಪ್ಪಟ ಸಿಟ್ಟಿನ ಏಟು. ಹಾಡಿನ ನಡುವೆ ತಮ್ಮನ ಗಿಟಾರಿನ ಒಂದು ತಂತಿ ಶ್ರುತಿ ತಪ್ಪಿತು. ಗಂಡ ಮೈಕ್ ಬಿಟ್ಟು ತಿರುಗಿ, "ಕಿವಿ ಇದ್ಯೋ ಇಲ್ವೋ ನಿಂಗೆ?" ಎಂದ. ತಮ್ಮ, "ಮೊದಲು ನಿಮ್ಮ ಗಂಟಲು ಸರಿ ಮಾಡ್ಕೊಳ್ಳಿ ಭಾವ" ಎಂದ. ಫಟಾರೆಂದು ಕೆನ್ನೆಗೆ ಬಿತ್ತು. ಡ್ರಮ್ಸ್ ಹಿಂದೆ ಕೂತಿದ್ದ ನಾನು ಎತ್ತಿದ ಕೋಲು ಎತ್ತಿದ ಹಾಗೇ ಇಟ್ಟುಕೊಂಡು ಕಕ್ಕಾಬಿಕ್ಕಿಯಾಗಿ ನೋಡಿದೆ. ಎದುರಿಗೆ ಸ್ಟ್ಯಾಂಡಿನ ಮೇಲಿದ್ದ ನನ್ನ ಫೋನಿನಲ್ಲಿ ಲೈವ್ ಓಡುತ್ತಲೇ ಇತ್ತು. ನೋಡುತ್ತಿದ್ದವರು ಹದಿನಾಲ್ಕೋ ಹದಿನೈದೋ ಜನ. ಅದರಲ್ಲೂ ಇಬ್ಬರು ನಮ್ಮ ಚಿಕ್ಕಮ್ಮನ ಮಕ್ಕಳು, ಒಬ್ಬಳು ನನ್ನ ಜೊತೆ ಕೆಲಸ ಮಾಡುವವಳು.

ಆ ದಿನಗಳಲ್ಲಿ ಗಂಡನನ್ನು ನಾನು "ರೀ" ಎಂದು ಕರೆಯುತ್ತಿದ್ದೆ, ಹತ್ತು ಜನರ ಮುಂದೆ "ಅವರು" ಎನ್ನುತ್ತಿದ್ದೆ. ಈಗ ಬಹುವಚನ ಬಾಯಿಗೆ ಬರುವುದಿಲ್ಲ, ಕ್ಷಮಿಸಿ. ಕ್ಷಮಿಸದಿದ್ದರೂ ನನಗೇನೂ ನಷ್ಟವಿಲ್ಲ.

ನಮ್ಮದು ಮೂರೇ ಜನರ ತಂಡ. ಹಾಡುವವನು ಗಂಡ. ಹೊಟ್ಟೆಪಾಡಿಗೆ ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವವರ ಪಕ್ಕದ ಸೀಟಿಗೆ ಕೂತು ಎರಡನೆಯ ಬ್ರೇಕ್ ತುಳಿಯುತ್ತಿದ್ದ. ಯಾರೋ ದಿನವಿಡೀ ಅವನ ಜೀವ ಬಾಯಿಗೆ ತರುತ್ತಿದ್ದರು, ಅವನು ಅವರ ಮೇಲೆ ರೇಗುವಂತಿರಲಿಲ್ಲ, ಆ ರೇಗಾಟವೆಲ್ಲ ಸಂಜೆ ಮನೆಗೆ ಬರುತ್ತಿತ್ತು. ಗಿಟಾರ್ ನನ್ನ ತಮ್ಮನದು. ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಅಳತೆಗೆ ತರುತ್ತಿದ್ದ. ಹಗಲಿಗೂ ಸಂಜೆಗೂ ಬೆರಳುಗಳೇ ಅವನ ಬಂಡವಾಳ. ಡ್ರಮ್ಸ್ ನನ್ನದು. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಒಗೆಯುವ ದೊಡ್ಡ ಯಂತ್ರಗಳ ಮುಂದೆ ನಿಲ್ಲುವವಳು. ಕೋಪ ನನಗೂ ಮೂಗಿನ ತುದಿಯಲ್ಲೇ ಇರುತ್ತದೆ. ಅಮ್ಮ ತೀರಿಕೊಂಡಾಗ ತಮ್ಮ ಇನ್ನೂ ಸ್ಕೂಲಿಗೆ ಹೋಗುತ್ತಿದ್ದ. ಅಂದಿನಿಂದ ಅವನ ತಲೆ ಬಾಚಿದವಳೂ ನಾನೇ, ಕಿವಿ ಹಿಂಡಿದವಳೂ ನಾನೇ. ನನ್ನ ಮದುವೆಯಾದ ಮೇಲೂ ಅವನು ನಮ್ಮ ಮನೆಯಲ್ಲೇ ಇದ್ದ. ಅವನ ಮೇಲೆ ಕೈ ಮಾಡುವ ಹಕ್ಕು ಲೋಕದಲ್ಲಿ ಯಾರಿಗಾದರೂ ಇದ್ದರೆ ಅದು ನನಗೊಬ್ಬಳಿಗೇ ಎಂದು ತಿಳಿದಿದ್ದೆ.

ತಾಲೀಮಿಗೆ ಒಂದು ಬಾಡಿಗೆ ಕೋಣೆ ಹಿಡಿದಿದ್ದೆವು. ಕೆಳಗೆ ತಗಡಿನ ಶೀಟು ಮಡಚುವ ಅಂಗಡಿ. ಭಾನುವಾರ ಅವರು ಬಾಗಿಲು ಹಾಕಿದ ಮೇಲೆ ನಮ್ಮ ಗದ್ದಲ ಶುರು. ಸದ್ದು ಬೀದಿಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆ ಜೋಡಿಸುವ ರಟ್ಟಿನ ಟ್ರೇ ಅಂಟಿಸಿ, ಕಿಟಕಿಗೆ ಹಳೆಯ ಹಾಸಿಗೆ ಒತ್ತಿ ನಿಲ್ಲಿಸಿದ್ದೆವು. ಬಾಗಿಲು ಹಾಕಿಕೊಂಡರೆ ಒಳಗೆ ಕೊಲೆಯಾದರೂ ಹೊರಗೆ ಗೊತ್ತಾಗುವುದಿಲ್ಲ ಎಂದು ತಮ್ಮ ತಮಾಷೆ ಮಾಡುತ್ತಿದ್ದ.

ನೆಟ್ಟಿನಲ್ಲಿ ನಾಲ್ಕು ಜನ ನಮ್ಮ ಹಾಡು ಕೇಳಲೆಂದು ಏನೆಲ್ಲ ಮಾಡಲಿಲ್ಲ ನಾವು! ವಾರಕ್ಕೊಂದು ಹಾಡು ಹಾಕಿದೆವು. ಲೈವ್‌ಗೆ ಬಂದವರ ಹೆಸರನ್ನು ಒಂದೊಂದಾಗಿ ಓದಿ ನಮಸ್ಕಾರ ಹೇಳಿದೆವು. ಹುಟ್ಟಿದ ದಿನ ಎಂದು ಯಾರಾದರೂ ಬರೆದರೆ ಅವರ ಹೆಸರು ಸೇರಿಸಿ ಅಲ್ಲೇ ಒಂದು ಸಾಲು ಕಟ್ಟಿ ಹಾಡಿದೆವು. ಲಾಂಡ್ರಿಯಲ್ಲಿ ಯಂತ್ರ ತಿರುಗುವಷ್ಟು ಹೊತ್ತು ನಾನು ಗೋಡೆಗೆ ಒರಗಿ ಒಂದೊಂದೇ ಕಾಮೆಂಟಿಗೆ ಉತ್ತರ ಬರೆಯುತ್ತಿದ್ದೆ. "ಚೆನ್ನಾಗಿದೆ" ಎಂದವರಿಗೂ ಬರೆದೆ, "ಬೇರೆ ಕೆಲಸ ನೋಡ್ಕೊಳ್ಳಿ" ಎಂದವರಿಗೂ ಬರೆದೆ. ಎರಡನೆಯವರಿಗೆ ಸ್ವಲ್ಪ ಉಪ್ಪುಖಾರ ಹಚ್ಚಿ ಬರೆದೆ. ಇಷ್ಟಾಗಿಯೂ ನಾವು ನೊಣ ಹೊಡೆಯುತ್ತ ಕೂತಿದ್ದೆವು.

ಆ ಭಾನುವಾರ ನೋಡುತ್ತಿದ್ದವರಲ್ಲಿ ಯಾವನೋ ಪುಣ್ಯಾತ್ಮ ಕಪಾಳಮೋಕ್ಷದ ತುಣುಕನ್ನಷ್ಟೇ ಕತ್ತರಿಸಿ ಹರಿಯಬಿಟ್ಟ. ಬೆಳಗಾಗುವಷ್ಟರಲ್ಲಿ ಅದು ಎಲ್ಲೆಲ್ಲಿಗೋ ಹೋಗಿತ್ತು. ಮೂರು ವರ್ಷ ಬೊಬ್ಬೆ ಹೊಡೆದರೂ ಬಾರದ ಜನ ಒಂದು ಏಟಿಗೆ ಬಂದರು. ಮುಂದಿನ ಭಾನುವಾರ ಲೈವ್ ಶುರು ಮಾಡಿದರೆ ಸಾವಿರಾರು ಜನ ಮೊದಲೇ ಬಂದು ಕಾಯುತ್ತಿದ್ದಾರೆ. ನಾವು ಹಾಡಿದೆವು, ಒಬ್ಬರೂ ಹಾಡಿನ ಬಗ್ಗೆ ಒಂದಕ್ಷರ ಬರೆಯಲಿಲ್ಲ. "ಭಾವ ಯಾವಾಗ ಹೊಡೀತಾರೆ?" "ಮೈದುನ ಎದುರು ಮಾತಾಡೋ!" ಅದೇ ಸಾಲುಗಳು ಮೇಲಿಂದ ಮೇಲೆ. ಕೊನೆಗೆ ಬೇಸತ್ತು ಒಬ್ಬೊಬ್ಬರೇ ಎದ್ದು ಹೋದರು.

ಮರುದಿನ ಟೀ ಕುಡಿಯುವಾಗ ಗಂಡನೇ ಮಾತು ತೆಗೆದ.

"ಬಂದವರನ್ನ ಹಾಗೇ ಕಳಿಸಬಾರದು. ಏನು ಕೇಳ್ತಾರೋ ಅದನ್ನ ಕೊಡೋಣ."

"ಏನ್ರೀ ಕೊಡೋದು? ನನ್ನ ತಮ್ಮನ ಕೆನ್ನೆನಾ?"

"ನಾಟಕ ಕಣೇ. ಸುಳ್ಳು ಏಟು. ಸಿನಿಮಾದಲ್ಲಿ ಮಾಡಲ್ವಾ?"

ನಾನು ತಮ್ಮನ ಕಡೆ ನೋಡಿದೆ. ಅವನು ತನ್ನ ಲೋಟದೊಳಗೆ ನೋಡುತ್ತಿದ್ದ. "ಅಕ್ಕ, ಒಂದು ಏಟಿಗೆ ಇಷ್ಟು ಜನ ಬರ್ತಾರೆ ಅಂದ್ರೆ, ಬಂದವರಲ್ಲಿ ಯಾರೋ ಒಬ್ಬಿಬ್ಬರು ಹಾಡೂ ಕೇಳ್ತಾರಲ್ವಾ?" ಎಂದ. ಆ ಆಸೆ ನನಗೂ ಇತ್ತು. ಅವನ ಗಿಟಾರನ್ನು ಒಮ್ಮೆ ಕಿವಿಗೊಟ್ಟು ಕೇಳಿದವರು ಬಿಟ್ಟು ಹೋಗುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಸರಿ ಎಂದೆ.

ನಾವು ವಾದ್ಯ ಬಾರಿಸುವವರು, ನಾಟಕದವರಲ್ಲ. ನಮಗೆ ಗೊತ್ತಿದ್ದದ್ದು ತಾಳ ಒಂದೇ. ಹಾಗಾಗಿ ಏಟನ್ನೂ ತಾಳಕ್ಕೆ ಕೂರಿಸಿದೆವು. ಮೂರನೆಯ ಹಾಡಿಗೆ ಜಗಳ ಶುರು. ಮಾತಿಗೆ ಮಾತು ಬೆಳೆಯುವಾಗಲೂ ನನ್ನ ಕೈ ನಿಲ್ಲುವುದಿಲ್ಲ, ಸಣ್ಣದಾಗಿ ನಡೆಯುತ್ತಲೇ ಇರುತ್ತದೆ. ನಾನು ಸಿಂಬಲ್ಲಿನ ಕಂಚಿನ ತಟ್ಟೆಗೆ ಒಂದು ಬಾರಿಸಿದರೆ ಅದು ಸೂಚನೆ. ಅಲ್ಲಿಂದ ನಾಲ್ಕನೆಯ ಎಣಿಕೆಗೆ ಗಂಡ ಕೈ ಬೀಸಬೇಕು, ಕೈ ತಮ್ಮನ ಕೆನ್ನೆಗೆ ಎರಡು ಬೆರಳು ದೂರದಲ್ಲಿ ಹಾದು ಹೋಗಬೇಕು, ತಮ್ಮ ತಲೆ ಹೊರಳಿಸಬೇಕು, ಅದೇ ಕ್ಷಣಕ್ಕೆ ನಾನು ಸ್ನೇರ್ ಎನ್ನುವ ಸಣ್ಣ ಡ್ರಮ್ಮಿನ ಅಂಚಿಗೆ ಕೋಲು ಬಡಿಯಬೇಕು. ಚಟೀರ್! ಫೋನಿನಲ್ಲಿ ಕೇಳಿದರೆ ಅದು ಕೆನ್ನೆಯ ಸದ್ದೇ. ಒಂದೇ ಸಂಜೆಯ ತಾಲೀಮಿಗೆ ಮೂವರಿಗೂ ಕೈ ಕೂತಿತು.

ಲೈವ್‌ನಲ್ಲಿ ಗಂಡನ ಬೆನ್ನು ನನ್ನ ಕಡೆಗಿರುತ್ತಿತ್ತು, ತಮ್ಮ ಅವನ ಆಚೆಗೆ. ನಾನು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ನೋಡಿದರೆ ಎಣಿಕೆ ತಪ್ಪುತ್ತದೆ. ಗಂಡನ ಬಲ ಭುಜದ ಮೇಲೆ ಕಣ್ಣಿಟ್ಟಿರುತ್ತಿದ್ದೆ. ಭುಜ ಎದ್ದರೆ ನನ್ನ ಕೋಲು ಏಳುತ್ತಿತ್ತು, ಭುಜ ಇಳಿದರೆ ಕೋಲು ಬೀಳುತ್ತಿತ್ತು. ಮುಗಿದ ಮೇಲೆ ತಮ್ಮನ ಕೆನ್ನೆ ಕೆಂಪಗಿರುತ್ತಿತ್ತು. "ಏನೋ ಇದು?" ಎಂದರೆ, "ಮೊದಲೇ ಚಿವುಟಿಕೊಂಡಿರ್ತೀನಿ ಅಕ್ಕ, ನೋಡೋರಿಗೆ ನಿಜ ಅನ್ನಿಸಬೇಕಲ್ಲ" ಎಂದು ಹಲ್ಲು ಕಿರಿಯುತ್ತಿದ್ದ. ಭಲೇ ನಟ ಎಂದು ಬೆನ್ನು ತಟ್ಟುತ್ತಿದ್ದೆ.

ಜನ ಬೆಳೆದರು. ತಿಂಗಳಿಗಿಷ್ಟು ಎಂದು ಕೊಟ್ಟು ಹತ್ತಿರ ಇರಲು ಬಯಸುವವರಿಗೆ ಬೇರೊಂದು ಗುಂಪು ಮಾಡಿ ಅದಕ್ಕೆ "ಒಳಮನೆ" ಎಂದು ಹೆಸರಿಟ್ಟೆವು. ಅಲ್ಲಿದ್ದವರಿಗೆಲ್ಲ ನಾನು ಅಕ್ಕ. "ಅಕ್ಕಾ ಊಟ ಆಯ್ತಾ?" "ಅಕ್ಕಾ ಮೈದುನನಿಗೆ ಔಷಧಿ ಹಚ್ಚಿದ್ರಾ?" ದಿನ ಬೆಳಗಾದರೆ ನೂರು ತಮ್ಮಂದಿರು, ನೂರು ತಂಗಿಯರು. ಆಮೇಲೆ ಅವರೇ ಎರಡು ಪಕ್ಷವಾದರು, ಭಾವನ ಕಡೆಯವರು, ಮೈದುನನ ಕಡೆಯವರು. ಮೈದುನನ ಕಡೆಯವರು ನೋವಿನ ಮುಲಾಮು ಕಳಿಸಿದರೆ ಭಾವನ ಕಡೆಯವರು ಬಾಕ್ಸಿಂಗ್ ಗ್ಲೌಸ್ ಕಳಿಸಿದರು. "ಈ ವಾರ ಯಾರಿಗೆ ಬೀಳಬೇಕು?" ಎಂದು ಗಂಡ ಒಳಮನೆಯಲ್ಲಿ ಮತ ಹಾಕಿಸುತ್ತಿದ್ದ. ಒಂದೆರಡು ವಾರ ಮೈದುನನೂ ಹೊಡೆದ. ಅವನ ಕೈ ಭಾವನ ಮುಖದಿಂದ ಒಂದು ಗೇಣು ದೂರದಲ್ಲೇ ಹೋಯಿತು, ಏಟು ಸಪ್ಪೆಯಾಯಿತು ಎಂದು ಎಲ್ಲರೂ ಬೈದರು.

ಒಂದು ಭಾನುವಾರ ತಮ್ಮನ ತುಟಿ ಒಡೆಯಿತು. ಲೈವ್ ಮುಗಿದ ಮೇಲೆ ದೀಪದ ಕೆಳಗೆ ಎಳೆದು ನೋಡಿದೆ, ನಿಜವಾಗಿಯೇ ಒಡೆದಿತ್ತು. ನನ್ನ ಮೈ ಉರಿದುಹೋಯಿತು.

"ಏನ್ರೀ ಇದು?"

"ಕೈ ತಪ್ಪಿ ತಗುಲ್ತು. ಅವನು ತಲೆ ಹೊರಳಿಸೋದು ತಡ ಮಾಡಿದ. ಕೇಳು ಬೇಕಿದ್ರೆ."

"ಹೌದಕ್ಕ, ನಂದೇ ತಪ್ಪು" ಎಂದ ತಮ್ಮ.

ಕೈಯಲ್ಲಿದ್ದ ಡ್ರಮ್ಸ್ ಕೋಲನ್ನು ಗಂಡನ ಕಡೆಗೆ ಎಸೆದೆ. ಅವನಿಗೆ ತಗುಲದೆ ಗೋಡೆಯ ಮೊಟ್ಟೆ ಟ್ರೇಗೆ ನಾಟಿತು. "ಇನ್ನೊಂದು ಸಲ ತಗುಲಿದ್ರೆ ಈ ನಾಟಕ ಅವತ್ತಿಗೇ ಮುಗೀತು" ಎಂದೆ. ಅವನು ಗಹಗಹಿಸಿ ನಕ್ಕು, "ಅಯ್ಯೋ, ಇದನ್ನ ಲೈವ್‌ನಲ್ಲಿ ಮಾಡಬಾರದಿತ್ತಾ!" ಎಂದ.

ಆಮೇಲೆ ಒಂದು ಸಭಾಂಗಣದಲ್ಲಿ ನಮ್ಮ ಮೊದಲ ದೊಡ್ಡ ಕಾರ್ಯಕ್ರಮ. ಕುರ್ಚಿಗಳೆಲ್ಲ ತುಂಬಿ ಗೋಡೆಗುಂಟ ಜನ ನಿಂತಿದ್ದರು. ಹೊಟ್ಟೆ ತುಂಬ ಸಂತೋಷಪಟ್ಟೆ. ಎರಡು ನಿಮಿಷದ ಸಂತೋಷ. ಎಡಗಡೆ ಭಾವನ ಪಕ್ಷ, ಬಲಗಡೆ ಮೈದುನನ ಪಕ್ಷ, ನಡುವಿನ ದಾರಿಯಲ್ಲಿ ಪರಸ್ಪರ ಅಂಗಿ ಹಿಡಿದುಕೊಂಡರು. ನಾವು ಮೊದಲ ಹಾಡು ಮುಗಿಸುವಷ್ಟರಲ್ಲಿ ಕುರ್ಚಿಗಳು ಮೇಲೆದ್ದವು. ಒಬ್ಬನ ಹಲ್ಲು ಉದುರಿತು. ಒಬ್ಬಳ ಜಡೆ ಹಿಡಿದು ನೆಲಕ್ಕೆ ಕೆಡವಿದರು. ಎಲ್ಲಿಂದಲೋ ಒಂದು ಗಾಜಿನ ಬಾಟಲಿ ಹಾರಿ ಬಂದು ತಮ್ಮನ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಅವನು ನುಡಿಸುವುದನ್ನು ನಿಲ್ಲಿಸಲಿಲ್ಲ, ಪೆದ್ದ. ಅರ್ಧ ಸಭೆ ಶಿಳ್ಳೆ ಹೊಡೆಯಿತು. ಹುಬ್ಬಿಗೆ ಹೊಲಿಗೆ ಹಾಕಿಸಿ ಕರೆತರುವಾಗ ಗಂಡ ದಾರಿಯುದ್ದಕ್ಕೂ ಬೀಗುತ್ತಿದ್ದ. "ನೋಡಿದ್ಯಾ? ನಮಗೋಸ್ಕರ ತಲೆ ಒಡೆದುಕೊಳ್ತಾರೆ ಜನ!"

ಸಾಕಪ್ಪಾ ಸಾಕು ಎಂದು ಅಂದೇ ನಿರ್ಧರಿಸಿದೆ. ಮರುದಿನ ತಮ್ಮನನ್ನು ಅವನ ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು, "ಬಿಟ್ಟುಬಿಡೋ. ನೀನೊಬ್ಬನೇ ನುಡಿಸು. ಹತ್ತು ಜನ ಕೇಳಿದ್ರೂ ಸಾಕು, ಹೊಡೆತ ತಿಂದು ಬದುಕೋ ಕರ್ಮ ನಿನಗೆ ಬೇಡ" ಎಂದೆ. ಅವನು ಉಗುರಿನಲ್ಲಿದ್ದ ಗಾಜಿನ ಪುಡಿ ಕೆದಕುತ್ತ ಕೂತ.

"ನಾನು ಬಿಟ್ರೆ ನಿನ್ನ ಗತಿ ಏನಕ್ಕ?"

"ನನಗೇನಾಗುತ್ತೆ? ನನ್ನ ತಂಟೆಗೆ ಬರೋ ಧೈರ್ಯ ಯಾರಿಗಿದೆ?"

ಅವನು ಎದ್ದು ಅಂಗಡಿಯೊಳಗೆ ಹೋದ. ಆದರೆ ಆ ವಾರ ಅದೇ ಮೆಟ್ಟಿಲ ಮೇಲೆ ಊಟದ ವಿರಾಮದಲ್ಲಿ ಫೋನನ್ನು ಗೋಡೆಗೆ ಆನಿಸಿ ತಾನೇ ಕಟ್ಟಿದ ಒಂದು ಹಾಡು ಹಾಡಿ ಒಳಮನೆಗೆ ಹಾಕಿದ. ಜಗಳವಿಲ್ಲ, ಏಟಿಲ್ಲ. ಹುಬ್ಬಿನ ಮೇಲೆ ಪಟ್ಟಿ, ಹಿಂದೆ ಗಾಜು ಉಜ್ಜುವ ಯಂತ್ರದ ಗುಂಯ್ ಸದ್ದು, ಅವನ ಸಣ್ಣ ದನಿ. ಲಾಂಡ್ರಿಯಲ್ಲಿ ನಿಂತು ಕೇಳಿದವಳಿಗೆ ಕಣ್ಣಲ್ಲಿ ನೀರು ತುಂಬಿತು. ಸಂಜೆಯೊಳಗೆ ಯಾರೋ ಒಬ್ಬಳು ಆ ಹಾಡನ್ನು ಅಡುಗೆಮನೆಯಲ್ಲಿ ನಿಂತು ತಾನೂ ಹಾಡಿ ಕಳಿಸಿದಳು. ಆಮೇಲೆ ಲಾರಿ ಓಡಿಸುವವನೊಬ್ಬ ಕಳಿಸಿದ. ಆಮೇಲೆ ಲೆಕ್ಕವಿಲ್ಲ. ಭಾವನ ಕಡೆಯವರು ಕೂಡ ಬಾಯಿ ಮುಚ್ಚಿಕೊಂಡು ಕೇಳಿದರು. ಕೊನೆಗೆ ಅಭಿಮಾನಿಯೊಬ್ಬ ತಾನಾಗಿಯೇ ಮತ ಹಾಕಿಸಿದ, ಈ ಭಾನುವಾರ ಯಾರು ಹಾಡಬೇಕು? ಗಂಡನಿಗೆ ಬಿದ್ದದ್ದು ಬೆರಳೆಣಿಕೆಯಷ್ಟು ಮತ.

ಅದನ್ನು ಅವನು ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದ. ರೇಗುತ್ತಾನೆ ಎಂದು ನಾನು ಸೊಂಟ ಕಟ್ಟಿ ಕೂತಿದ್ದೆ. ಅವನು ತಮ್ಮನ ಕಡೆ ತಿರುಗಿ ನಕ್ಕ.

"ಒಳ್ಳೇದಾಯ್ತು. ಈ ಭಾನುವಾರ ನೀನೇ ಹಾಡೋ. ಆದ್ರೆ ಸುಮ್ನೆ ಮೈಕ್ ಕೊಟ್ರೆ ಸಪ್ಪೆ ಆಗುತ್ತೆ. ಕೊನೇದಾಗಿ ಒಂದು ದೊಡ್ಡ ಜಗಳ ಮಾಡೋಣ. ಎರಡು ಏಟು, ನೀನು ಬೀಳ್ತೀಯ. ನಾನು ಮೈಕ್ ಸ್ಟ್ಯಾಂಡ್ ಎತ್ತಿ ನಿನ್ನ ಪಕ್ಕ ನೆಲಕ್ಕೆ ಅಪ್ಪಳಿಸ್ತೀನಿ. ಆಮೇಲೆ ಸೋತು, ಅತ್ತು, ಮೈಕ್ ನಿನ್ನ ಕೈಗೆ ಕೊಟ್ಟು ಹೊರಗೆ ಹೋಗ್ತೀನಿ. ಅಲ್ಲಿಗೆ ಜಗಳ ಮುಗೀತು, ನಿನ್ನ ಹಾಡು ಶುರು."

"ಕೊನೇದಾ?" ಎಂದೆ.

"ಕೊನೇದು. ನಿನ್ನಾಣೆ."

ನಂಬಿದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಆ ಭಾನುವಾರ ಹನ್ನೊಂದು ಸಾವಿರ ಜನ ಕಾಯುತ್ತಿದ್ದರು. ತಮ್ಮ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಎರಡು ಹಾಡು ಮುಗಿಯಿತು. ಮೂರನೆಯದರಲ್ಲಿ ಜಗಳ ತೆಗೆದರು. ಗಂಡನ ಬಾಯಲ್ಲಿ ತಾಲೀಮಿನಲ್ಲಿ ಇಲ್ಲದ ಮಾತುಗಳು ಬಂದವು. ನನ್ನ ಅನ್ನ ತಿಂದು ನನ್ನ ಮೈಕಿಗೇ ಕೈ ಹಾಕ್ತೀಯಾ ಎಂದ, ನಮ್ಮ ಅಮ್ಮನನ್ನೂ ಎಳೆದು ತಂದ. ಇವತ್ತು ಜೋರಾಗಿ ಮಾಡುತ್ತಿದ್ದಾನೆ, ಕೊನೆಯ ದಿನವಲ್ಲವೇ, ಎಂದುಕೊಂಡು ಸಿಂಬಲ್ಲಿಗೆ ಬಾರಿಸಿದೆ.

ಒಂದು, ಎರಡು, ಮೂರು. ಭುಜ ಎದ್ದಿತು. ಚಟೀರ್! ತಮ್ಮ ಪೂರ್ತಿ ಒಂದು ಸುತ್ತು ತಿರುಗಿದ. ಎಷ್ಟು ಚೆನ್ನಾಗಿ ಮಾಡಿದ ನನ್ನ ಬಂಗಾರ ಎನ್ನಿಸಿತು. ಮತ್ತೆ ಭುಜ ಎದ್ದಿತು. ಚಟೀರ್! ತಮ್ಮ ಗಿಟಾರಿನ ಸಮೇತ ನೆಲಕ್ಕೆ ಬಿದ್ದ. ಗಂಡ ಮೈಕ್ ಸ್ಟ್ಯಾಂಡನ್ನು ತಲೆಕೆಳಗೆ ಮಾಡಿ ಎತ್ತಿದ. ಅದರ ಬುಡಕ್ಕೆ ಅನ್ನದ ತಟ್ಟೆಯಷ್ಟು ಅಗಲದ ಕಬ್ಬಿಣದ ಬಿಲ್ಲೆ ಇತ್ತು, ಒಂದು ಕೈಯಲ್ಲಿ ಎತ್ತಲಾಗದಷ್ಟು ಭಾರ. ಅದು ನೆಲಕ್ಕೆ ಬೀಳುವ ಎಣಿಕೆಗೆ ಸರಿಯಾಗಿ ನಾನು ದೊಡ್ಡ ಡ್ರಮ್ಮಿನ ಪೆಡಲ್ ತುಳಿದೆ. ಧಡ್! ತಮ್ಮ ಕಿರುಚಿದ. ತಾಲೀಮಿನಲ್ಲೂ ಕಿರುಚುತ್ತಿದ್ದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಭುಜ ಮತ್ತೆ ಎದ್ದಿತು. ನನ್ನ ಕಾಲಿಗೆ ತಡೆಯಲು ತಿಳಿಯಲಿಲ್ಲ. ತಿಂಗಳುಗಟ್ಟಲೆ ಆ ಭುಜಕ್ಕೆ ಒಗ್ಗಿಹೋದ ಕಾಲು, ಅದರ ಪಾಡಿಗೆ ಅದು ತುಳಿಯಿತು. ಧಡ್!

ಆಗ ಗಂಡನ ಕಾಲುಗಳ ನಡುವಿನಿಂದ ಗಿಟಾರಿನ ಕುತ್ತಿಗೆ ಕಾಣಿಸಿತು. ಅದನ್ನು ಹಿಡಿದುಕೊಂಡೇ ಇದ್ದ ತಮ್ಮನ ಎಡಗೈ ಕಾಣಿಸಿತು. ತೆಳು ಬಣ್ಣದ ಮರದ ಮೇಲೆ ತಂತಿಗಳ ಅಡಿಯಲ್ಲಿ ಕೆಂಪು ಹರಡುತ್ತಿತ್ತು. ರಕ್ತದ ಹಾಗೆ ಕಾಣಲೆಂದು ನಾವು ನಾಟಕಕ್ಕೆ ಆಗಾಗ ಕಲಸುತ್ತಿದ್ದ ಬಣ್ಣದ ನೀರು ಹರಿದಲ್ಲೆಲ್ಲ ಒಂದೇ ಬಣ್ಣ. ಇದು ದಪ್ಪಗಿತ್ತು, ಅಂಚಿನಲ್ಲಿ ಕಪ್ಪಾಗುತ್ತಿತ್ತು. ದಿನಕ್ಕೆ ನೂರು ಹೊದಿಕೆ ಬಿಡಿಸಿ ನೋಡುವವಳು ನಾನು, ರಕ್ತ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ಕೈಕಾಲು ನಿಂತುಹೋದವು. ಭುಜ ಮತ್ತೆ ಎದ್ದಿತು, ಇಳಿಯಿತು. ನಾನು ಏನೂ ಬಾರಿಸಲಿಲ್ಲ. ಆದರೂ ಸದ್ದು ಬಂತು. ಕಬ್ಬಿಣ, ಮರ, ಮೂಳೆ ಮೂರೂ ಕೂಡಿದ ಸದ್ದು.

"ಬಿಡೋ!" ಎಂದು ಅರಚಿದೆ. ಮದುವೆಯಾದ ಮೇಲೆ ಮೊದಲ ಬಾರಿ ಅವನಿಗೆ ಏಕವಚನ. ಕೈಗೆ ಸಿಕ್ಕಿದ ಸಿಂಬಲ್ ಸ್ಟ್ಯಾಂಡ್ ಕಿತ್ತುಕೊಂಡು ಡ್ರಮ್ಸ್ ದಾಟಿ ಹಾರಿದೆ. ಮೊದಲ ಏಟು ಆ ಭುಜಕ್ಕೇ ಹಾಕಿದೆ. ಅವನು ತಿರುಗಿದ, ಕಣ್ಣು ಕೆಂಡವಾಗಿತ್ತು, ನನ್ನ ಕುತ್ತಿಗೆಗೆ ಕೈ ಹಾಕಿದ. ಎರಡನೆಯದು ಕಿವಿಯ ಮೇಲೆ ಬಿತ್ತು. ಅವನು ಬೀಳುವಾಗ ಸ್ಪೀಕರ್ ಪೆಟ್ಟಿಗೆಯ ಮೂಲೆಗೆ ತಲೆ ಬಡಿದು ಹಾಗೇ ಜಾರಿದ. ಬಿದ್ದ ಮೇಲೂ ಒಂದು ಹೊಡೆದೆ. ಅದನ್ನು ಯಾಕೆ ಮುಚ್ಚಿಡಲಿ? ಸಾಯಲಿ ಎಂದೇ ಹೊಡೆದೆ.

ತಮ್ಮನ ಎಡಗೈಯಲ್ಲಿ ಬೆರಳು ಎನ್ನುವಂಥವು ಎರಡೇ ಉಳಿದಿದ್ದವು. ನನ್ನ ದುಪಟ್ಟಾ ಹರಿದು ಮಣಿಕಟ್ಟಿಗೆ ಬಿಗಿದೆ. ಆಮೇಲೆ ಫೋನಿನ ಮುಂದೆ ಹೋಗಿ ಮುಖ ಇಟ್ಟು, "ಯಾರಾದ್ರೂ ಆಂಬುಲೆನ್ಸ್ ಕರೀರಿ! ನನ್ನ ತಮ್ಮನ ಕೈ ಹೋಯ್ತು, ಯಾರಾದ್ರೂ ಬನ್ನಿ" ಎಂದು ಬೇಡಿದೆ. ಬೀದಿ, ಅಂಗಡಿ, ಮೆಟ್ಟಿಲು, ಎಲ್ಲ ಒದರಿದೆ. ಪರದೆಯ ಮೇಲೆ ಕೆಂಪು ಹೃದಯಗಳು ಬುಗುಬುಗು ಏಳುತ್ತಿದ್ದವು.

"ಅಕ್ಕಾ ಸೂಪರ್!"

"ಕೊನೆಗೂ ಅಕ್ಕ ಅಖಾಡಕ್ಕೆ ಇಳಿದ್ರು!"

"ರಕ್ತ ಸ್ವಲ್ಪ ಜಾಸ್ತಿ ಆಯ್ತು ಅಕ್ಕಾ, ನಂಬೋ ಹಾಗಿಲ್ಲ."

"ಅಳೋದು ಮಾತ್ರ ಅದ್ಭುತ."

"ನಾಟಕ ಅಲ್ಲ ಕಣ್ರೋ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಹೃದಯಗಳು ಇನ್ನೂ ಹೆಚ್ಚಾದವು. ಅಕ್ಕಾ ಅಕ್ಕಾ ಎಂದು ಬಾಯ್ತುಂಬ ಕರೆದ ಹನ್ನೊಂದು ಸಾವಿರ ತಮ್ಮ ತಂಗಿಯರಲ್ಲಿ ಒಬ್ಬರೂ ಫೋನೆತ್ತಲಿಲ್ಲ. ಲೈವ್ ಕಿತ್ತುಹಾಕಿ ಆಂಬುಲೆನ್ಸಿಗೆ ನಾನೇ ಫೋನ್ ಮಾಡಿದೆ. ಅದು ಬರುವವರೆಗೆ ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು, ಅವನ ಕೈಯನ್ನು ಎತ್ತಿ ಹಿಡಿದು ಕೂತೆ. ಅವನು ಒಂದೇ ಮಾತು ಕೇಳಿದ. "ಭಾವ ಬದುಕಿದ್ದಾರಾ?"

ಬದುಕಿದ್ದ. ಇಬ್ಬರನ್ನೂ ಒಂದೇ ಗಾಡಿಯಲ್ಲಿ ಹಾಕಿಕೊಂಡು ನಾನು ಕೆಲಸ ಮಾಡುವ ಆಸ್ಪತ್ರೆಗೇ ತಂದರು. ತಮ್ಮನ ನಡುಬೆರಳು, ಉಂಗುರದ ಬೆರಳು ಉಳಿಯಲಿಲ್ಲ. ಕಿರುಬೆರಳಿದೆ, ಮಡಚುವುದಿಲ್ಲ. ಗಿಟಾರ್ ಮಾತು ಬಿಡಿ, ಗಾಜು ಹಿಡಿಯುವುದೂ ಕಷ್ಟ ಎಂದರು ಡಾಕ್ಟರು. ಗಂಡನ ತಲೆಬುರುಡೆ ಬಿರುಕು ಬಿಟ್ಟಿತ್ತು. ಪ್ರಜ್ಞೆ ಬಂದ ಕೂಡಲೇ ಅವನು ಪೊಲೀಸರಿಗೆ ಹೇಳಿದ್ದೇನು ಗೊತ್ತೇ? ನಾಟಕ ಸಾರ್, ಸ್ವಲ್ಪ ಕೈ ತಪ್ಪಿತು, ನೋಡಿದವರನ್ನೇ ಕೇಳಿ. ಹನ್ನೊಂದು ಸಾವಿರ ಸಾಕ್ಷಿ ಅವನ ಕಡೆಗಿತ್ತು.

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ತಮ್ಮನ ಹಾಸಿಗೆಯ ಹತ್ತಿರ ಬಂದರು. ಜೊತೆಗೊಬ್ಬ ಕಾನ್ಸ್‌ಟೇಬಲ್. ಇನ್ಸ್‌ಪೆಕ್ಟರ್ ವಯಸ್ಸಾದ, ಸೌಮ್ಯ ಮುಖದ ಮನುಷ್ಯ. ಅವರ ಮಗಳು ನಮ್ಮ ಒಳಮನೆಯಲ್ಲೇ ಇದ್ದಳಂತೆ. "ಮನೇಲಿ ಎಲ್ಲರೂ ಕೂತು ನೋಡ್ತೀವಮ್ಮ" ಎಂದು ಮುಗುಳ್ನಕ್ಕರು. ಆಮೇಲೆ ತಮ್ಮನ ಕಡೆ ಬಾಗಿ, "ನಿಮ್ಮ ಭಾವ ನಾಟಕ ಅಂತಾರೆ. ನೀವೇನಂತೀರಿ?" ಎಂದು ಕೇಳಿದರು.

ತಮ್ಮ ಅವರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ.

"ನಾಟಕನೇ ಸಾರ್. ಅಕ್ಕ ಹೊಡೆದದ್ದೂ ನಾಟಕನೇ. ಭಾವ ಕಾಲು ಜಾರಿ ಬಿದ್ರು."

ತನ್ನ ಕೈ ಹೋದ ಲೆಕ್ಕವನ್ನೇ ಬಿಟ್ಟು ಈ ಹುಚ್ಚ ನನ್ನನ್ನು ಜೈಲಿನಿಂದ ಉಳಿಸಲು ಹೊರಟಿದ್ದ. ಗಂಡ ಮಾಡಿದ್ದು ನಾಟಕವಾದರೆ ತಾನೇ ನಾನು ಮಾಡಿದ್ದೂ ನಾಟಕವಾಗುವುದು? ಅಲ್ಲಿಗೆ ಎಲ್ಲ ಮುಗಿಯುತ್ತದೆ, ಗಂಡ ತಲೆಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬರುತ್ತಾನೆ, ನಾನು ಬಾಗಿಲು ತೆಗೆಯಬೇಕು.

"ಸುಳ್ಳು ಸಾರ್" ಎಂದೆ. "ಅವನು ನಿಜವಾಗಿ ಹೊಡೆದ. ನಾನೂ ನಿಜವಾಗಿ ಹೊಡೆದೆ. ಕೊಲ್ಲಬೇಕು ಅಂತಲೇ ಹೊಡೆದೆ. ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿ ತಲೆದೂಗಿದರು. ಮಕ್ಕಳನ್ನು ಸಮಾಧಾನ ಮಾಡುವ ದನಿ. "ನೋಡಮ್ಮ, ನೀವು ತುಂಬ ಚೆನ್ನಾಗಿ ಮಾಡ್ತೀರಿ, ನಾನು ಒಪ್ಪಿದೆ. ಆದ್ರೆ ಇಲ್ಲಿ ಕ್ಯಾಮೆರಾ ಇಲ್ಲ."

ನಾನು ಕೈ ಬೀಸಿ ಅವರ ಕೆನ್ನೆಗೆ ಬಾರಿಸಿದೆ. ಟೋಪಿ ಹಾರಿ ಪಕ್ಕದ ರೋಗಿಯ ಹಾಸಿಗೆಯ ಮೇಲೆ ಬಿತ್ತು.

"ಇದು ನಾಟಕನಾ?" ಎಂದು ಕೇಳಿದೆ. "ಹೇಳಿ ಸಾರ್, ಇದು ನಾಟಕನಾ?"

ಕಾನ್ಸ್‌ಟೇಬಲ್ ನನ್ನ ಎರಡೂ ತೋಳುಗಳನ್ನು ಬೆನ್ನ ಹಿಂದೆ ತಿರುಚಿ ಗೋಡೆಗೆ ಒತ್ತಿದ. ನೋವಿಗೆ ಕಣ್ಣು ಕತ್ತಲಿಟ್ಟಿತು. ತಮ್ಮ ಹಾಸಿಗೆಯಿಂದ ಎದ್ದ, ಕೈಗೆ ಚುಚ್ಚಿದ್ದ ಟ್ಯೂಬು ಕಿತ್ತು ಬಂತು. "ಬಿಡಿ ಸಾರ್, ಅವಳನ್ನ ಬಿಡಿ! ಹೇಳ್ತೀನಿ, ಎಲ್ಲ ಹೇಳ್ತೀನಿ. ಭಾವ ನಿಜವಾಗ್ಲೂ ಹೊಡೆದ್ರು. ನಿನ್ನೆ ಅಷ್ಟೇ ಅಲ್ಲ ಸಾರ್. ಮೊದಲನೇ ವಾರದಿಂದ್ಲೂ ನಿಜವಾಗ್ಲೇ 
ಹೊಡೀತಿದ್ರು. ಒಂದು ಏಟೂ ಸುಳ್ಳಲ್ಲ. ಬಾಯಿ ಬಿಟ್ರೆ ಅಕ್ಕನಿಗೆ ಬೀಳುತ್ತೆ ಅಂತಿದ್ರು."

ನಾನು ಗೋಡೆಯಿಂದ ಮುಖ ತಿರುಗಿಸಿ ಅವನನ್ನು ನೋಡಿದೆ. "ಸುಳ್ಳು ಹೇಳಬೇಡ ಕಣೋ. ಅಲ್ಲೇ ಇದ್ನಲ್ಲೋ ನಾನು. ನಾಲ್ಕು ಹೆಜ್ಜೆ ಹಿಂದೆ ಕೂತಿದ್ದೆ."

ಇನ್ಸ್‌ಪೆಕ್ಟರ್ ಕೆನ್ನೆ ಹಿಡಿದುಕೊಂಡು ನಿಂತಿದ್ದರು. ತಮ್ಮ ಬಿಕ್ಕುತ್ತಿದ್ದ, ಮೂಗು ಒರೆಸಿಕೊಳ್ಳಲು ಎಡಗೈ ಎತ್ತಿ, ಅದರಲ್ಲಿ ಆಗದೆ ಇಳಿಸಿದ.

"ಇದ್ದೆ ಅಕ್ಕ" ಎಂದ. "ನೀನು ಜೋರಾಗಿ ಬಾರಿಸ್ತಿದ್ದೆಯಲ್ಲ, ಅದಕ್ಕೇ ನಿನಗೆ ಕೇಳಿಸ್ತಿರಲಿಲ್ಲ."